ಸಂಗೀತದಲ್ಲಿ ಹೊಸದನ್ನು ಹುಡುಕುವವರು ಮೃದಂಗ ರಿಪೇರಿ ಅಂಗಡಿಗೂ ಹೋಗಬೇಕು

ಶಾಸ್ತ್ರೀಯ ಸಂಗೀತದಲ್ಲಿ ಹೊಸದು ಹೇಗೆ ಹುಟ್ಟುತ್ತದೆ, ಹುಟ್ಟಿದ್ದರಲ್ಲಿ ಯಾವುದು ಉಳಿಯುತ್ತದೆ ಅನ್ನೋದು ನನ್ನ ಸಂಶೋಧನೆಯ ವಿಷಯ. ಇದನ್ನು ಹೇಳಿದ ತಕ್ಷಣ ಬೆಂಗಳೂರಿನಲ್ಲಿ ನನಗೆ ಸಿಗುವುದು ಎರಡೇ ತರಹದ ಮಾತು. ಒಂದು, "ಓ, ಫ್ಯೂಷನ್ನಾ?" ಇನ್ನೊಂದು, ನಮ್ಮ ಸೋದರಮಾವ ಮನೆಗೆ ಬಂದಾಗಲೆಲ್ಲ ಕೇಳುವುದು: "ಅಲ್ಲಮ್ಮಾ, ಇರೋದನ್ನ ಶ್ರುತಿ ಬಿಡದೆ ಹಾಡಿದ್ರೆ ಸಾಕಲ್ವಾ, ಹೊಸದು ಯಾಕೆ ಬೇಕು?" ಮಾವ ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದ ರಾಮನವಮಿ ಕಛೇರಿಗಳನ್ನು ಕೇಳಿ ಬೆಳೆದವರು, ಅವರ ಕಿವಿಯ ಮೇಲೆ ನನಗೆ ತುಂಬಾ ಗೌರವ ಇದೆ. ಆದರೆ ಫ್ಯೂಷನ್ ಅನ್ನುವವರೂ ಮಾವನೂ ನೋಡುತ್ತಿರುವುದು ಒಂದೇ ಕಡೆ. ವೇದಿಕೆಯ ಮೇಲೆ, ಮೈಕ್ ಮುಂದೆ, ಆ ಎರಡೂವರೆ ಗಂಟೆಯಲ್ಲಿ ಏನಾಗುತ್ತದೆ ಅನ್ನೋದಷ್ಟೇ ಅವರಿಗೆ ಕಾಣುತ್ತಿದೆ. ನಮ್ಮ ವಿಶ್ವವಿದ್ಯಾಲಯಗಳು, ಅನುದಾನ ಕೊಡುವವರು, ಪತ್ರಿಕೆಗಳು ಎಲ್ಲರೂ ನೋಡುವುದು ಅಲ್ಲೇ. ಇದರ ಬಗ್ಗೆ ನನಗೆ ಬಹಳ ದಿನದಿಂದ ಸಿಟ್ಟಿದೆ, ಇವತ್ತು ಪೂರ್ತಿ ಬರೆದುಬಿಡುತ್ತೇನೆ.

ಮೊದಲು ಮಾವನ ಮಾತಿಗೆ ಬರುತ್ತೇನೆ. ಇರೋದನ್ನ ಹಾಡಿದರೆ ಸಾಕು ಅಂತಾರಲ್ಲ, ಆ "ಇರೋದು" ಎಷ್ಟು ಹಳೆಯದು?

ಪಿಟೀಲು ನೋಡಿ. ಅದಿಲ್ಲದ ಕಛೇರಿ ಇವತ್ತು ಯಾರಿಗಾದರೂ ಕಣ್ಣಿಗೆ ಕಟ್ಟುತ್ತಾ? ಅದು ನಮ್ಮಲ್ಲಿಗೆ ಬಂದಿದ್ದು ಹೆಚ್ಚೂಕಡಿಮೆ ಇನ್ನೂರು ವರ್ಷದ ಹಿಂದೆ. ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು ಅದನ್ನು ಮದರಾಸಿನ ಕಡೆ ಯುರೋಪಿನವರ ವಾದನ ಕೇಳಿ, ಕಲಿತು, ನಮ್ಮ ಸಂಗೀತಕ್ಕೆ ತಂದರು. ತಂಜಾವೂರು ಸಹೋದರರಲ್ಲಿ ಒಬ್ಬರಾದ ವಡಿವೇಲು ತಿರುವಾಂಕೂರಿನ ಆಸ್ಥಾನದಲ್ಲಿ ಅದಕ್ಕೆ ಜಾಗ ಮಾಡಿಕೊಟ್ಟರು. ವಾದ್ಯವನ್ನು ಬದಲಿಸಲಿಲ್ಲ, ಆಕಾರ ಹಾಗೇ ಇದೆ. ಬದಲಾಗಿದ್ದು ಕೂರುವ ರೀತಿ ಮತ್ತು ತಂತಿ ಕೂಡಿಸುವ ರೀತಿ. ಯುರೋಪಿನವರು ನಿಂತು ಅಥವಾ ಕುರ್ಚಿಯಲ್ಲಿ ಕೂತು, ಗದ್ದಕ್ಕೆ ಒತ್ತಿ ನುಡಿಸುತ್ತಾರೆ. ನಮ್ಮವರು ನೆಲದ ಮೇಲೆ ಚಕ್ಕಳಮಕ್ಕಳ ಕೂತು, ಒಂದು ತುದಿಯನ್ನು ಎದೆಗೂ ಇನ್ನೊಂದನ್ನು ಪಾದದ ಗಂಟಿಗೂ ಆನಿಸಿದರು. ಇದರಿಂದ ಎಡಗೈಗೆ ವಾದ್ಯ ಹಿಡಿದುಕೊಳ್ಳುವ ಕೆಲಸವೇ ತಪ್ಪಿತು, ಅದು ತಂತಿಯ ಮೇಲೆ ಮೇಲಕ್ಕೂ ಕೆಳಕ್ಕೂ ಜಾರಬಹುದು, ಅಂದರೆ ಸ್ವರವನ್ನು ತೂಗಾಡಿಸುವ, ಜಾರಿಸುವ ಗಮಕ ಬರುತ್ತದೆ. ತಂತಿಗಳನ್ನು ಸ-ಪ-ಸ-ಪ ಕೂಡಿಸಿಕೊಂಡರು. ಇಷ್ಟೇ. ಇಷ್ಟರಲ್ಲಿ ಒಂದು ಪರದೇಶದ ವಾದ್ಯ ಮನುಷ್ಯರ ದನಿಯ ಹಿಂದೆ ನೆರಳಿನ ಹಾಗೆ ಹೋಗುವ ವಾದ್ಯ ಆಯಿತು. ಇದನ್ನು ಯಾರಾದರೂ ಫ್ಯೂಷನ್ ಅಂತಾರಾ?

ಕಛೇರಿಯ ಕ್ರಮವೂ ಹಾಗೇ. ವರ್ಣದಿಂದ ಶುರು, ಒಂದಷ್ಟು ಕೃತಿ, ಮಧ್ಯೆ ಒಂದು ದೊಡ್ಡ ರಾಗ, ತಾಳವಾದ್ಯದವರಷ್ಟೇ ನುಡಿಸುವ ತನಿ ಆವರ್ತನ, ಆಮೇಲೆ ದೇವರನಾಮ, ಮಂಗಳ. ನಮಗೆ ಇದು ವೇದಕಾಲದಿಂದ ಬಂದ ಹಾಗೆ ಅನ್ನಿಸುತ್ತದೆ. ಇದಕ್ಕೆ ಈ ರೂಪ ಕೊಟ್ಟವರಲ್ಲಿ ಮುಖ್ಯರು ಅರಿಯಾಕುಡಿ ರಾಮಾನುಜ ಅಯ್ಯಂಗಾರ್ಯರು, 20ನೇ ಶತಮಾನದಲ್ಲಿ. ಅದಕ್ಕೆ ಮೊದಲು ಒಂದೇ ರಾಗವನ್ನು, ಒಂದೇ ಸಾಲನ್ನು ಬೆಳೆಸುತ್ತ ಹೋಗುವ ರಾಗ-ತಾನ-ಪಲ್ಲವಿಯೇ ಗಂಟೆಗಟ್ಟಲೆ ನಡೆಯುತ್ತಿತ್ತು. ಟಿಕೆಟ್ ಕೊಂಡು ಸಭೆಗೆ ಬರುವ ಜನ ಹುಟ್ಟಿಕೊಂಡರು, ಅವರೆಲ್ಲ ಪಂಡಿತರಲ್ಲ, ಅವರಿಗೆ ಒಂದೇ ಸಂಜೆಯಲ್ಲಿ ನಾನಾ ರಾಗ ನಾನಾ ತಾಳ ಬೇಕಿತ್ತು. ಹಾಗಾಗಿ ಕ್ರಮ ಬದಲಾಯಿತು. ಇನ್ನು ದೇವರನಾಮಗಳ ಮಟ್ಟು. ಪುರಂದರದಾಸರ ಸಾಹಿತ್ಯ 16ನೇ ಶತಮಾನದ್ದು, ಸರಿ. ಅವರು ಹಾಡುತ್ತಿದ್ದ ಮಟ್ಟುಗಳು ಬಹುಪಾಲು ನಮಗೆ ಸಿಕ್ಕಿಲ್ಲ. ನಾವು ಇವತ್ತು ಕಣ್ಣು ಮುಚ್ಚಿ ಕೇಳುವ ಎಷ್ಟೋ ದೇವರನಾಮಗಳಿಗೆ ರಾಗ ಹಾಕಿದವರು ಗ್ರಾಮಫೋನ್ ಕಾಲದ ನಂತರದ ವಿದ್ವಾಂಸರು, ಅವರಲ್ಲಿ ಅನೇಕರ ಹೆಸರೂ ನಮಗೆ ಗೊತ್ತಿಲ್ಲ.

ಇದನ್ನೆಲ್ಲ ಮಾವನನ್ನು ಸೋಲಿಸೋಕೆ ಬರೆಯುತ್ತಿಲ್ಲ. ಉಳಿದುಬಿಟ್ಟ ಹೊಸದಕ್ಕೆ ಹುಟ್ಟಿದ ದಿನ ಮರೆತುಹೋಗುತ್ತದೆ, ಅದು ಸಂಪ್ರದಾಯದಲ್ಲಿ ಸೇರಿಹೋಗುತ್ತದೆ. ಹಾಗಾಗಿ ಈಗ ಹೊಸದು ಅಂತ ಕಣ್ಣಿಗೆ ಹೊಡೆಯುವುದನ್ನಷ್ಟೇ ಹುಡುಕಿಕೊಂಡು ಹೋದರೆ, ಇನ್ನೂ ಉಳಿಯದೇ ಇರುವುದನ್ನೇ ನೋಡುತ್ತಿರುತ್ತೇವೆ.

ಹಾಗಾದರೆ ಉಳಿಯುವುದು ಯಾವುದು? ನಾನು ಓದಿದ್ದು, ಕಛೇರಿಗಳಲ್ಲಿ ಕೂತು ಕೇಳಿದ್ದು, ವಿದ್ವಾಂಸರ ಜೊತೆ, ವಾದ್ಯ ಮಾಡುವವರ ಜೊತೆ ಮಾತಾಡಿದ್ದು ಎಲ್ಲ ಸೇರಿಸಿ ನನಗೆ ಒಂದು ಪ್ರಶ್ನೆ ಸಾಕು ಅನ್ನಿಸಿದೆ. ಕಂಡುಹಿಡಿದವರು ಇಲ್ಲದಾಗ, ದೊಡ್ಡ ಪ್ರತಿಭೆ ಏನೂ ಇಲ್ಲದ ಒಬ್ಬ ವಿದ್ಯಾರ್ಥಿ ಅದನ್ನು ಕಲಿತು ಬಳಸಬಹುದಾ? ಬಳಸುವ ಅಗತ್ಯ ಅವನಿಗೆ ಇದೆಯಾ?

ಪಿಟೀಲು ಚೌಡಯ್ಯನವರನ್ನು ತೆಗೆದುಕೊಳ್ಳಿ. ತಿರುಮಕೂಡಲು ನರಸೀಪುರದವರು, ಬಿಡಾರಂ ಕೃಷ್ಣಪ್ಪನವರ ಶಿಷ್ಯರು. ಮೈಕ್ ಇಲ್ಲದ ಕಾಲ. ಗಾಯಕರ ದನಿ ದೊಡ್ಡದು, ಸಭೆಯೂ ದೊಡ್ಡದು, ಹಿಂದಿನ ಸಾಲಿಗೆ ಪಿಟೀಲು ಕೇಳಿಸುತ್ತಿರಲಿಲ್ಲ. ಅವರು ನಾಲ್ಕು ತಂತಿಗೆ ಮೂರು ಸೇರಿಸಿ ಏಳು ತಂತಿಯ ಪಿಟೀಲು ಮಾಡಿಕೊಂಡರು. ನಾದ ತುಂಬಿತು, ಮೇಲಿನ ಸ್ಥಾಯಿಯೂ ಕೆಳಗಿನ ಸ್ಥಾಯಿಯೂ ಜೊತೆಗೇ ಮೊಳಗುತ್ತಿತ್ತು. ಎಂಥ ಧೈರ್ಯ ನೋಡಿ! ಅಷ್ಟು ತಂತಿಯನ್ನು ಶ್ರುತಿಯಲ್ಲಿ ಇಟ್ಟುಕೊಂಡು ಕಛೇರಿ ನಡೆಸುವುದೇ ಒಂದು ಸಾಹಸ. ಅವರಿಗೆ 1957ರಲ್ಲಿ ಮದರಾಸಿನ ಸಂಗೀತ ಕಲಾನಿಧಿ ಬಿರುದು ಬಂತು, ಅವರ ನೆನಪಿಗೆ ಬೆಂಗಳೂರಿನಲ್ಲಿ ಪಿಟೀಲಿನ ಆಕಾರದ ಭವನವೇ ಎದ್ದಿತು. ಆದರೆ ಏಳು ತಂತಿಯ ಪಿಟೀಲು ಇವತ್ತು ಹೊಸ ಮಕ್ಕಳ ಕೈಯಲ್ಲಿ ಕಾಣುವುದಿಲ್ಲ. ಯಾಕೆಂದರೆ ಮೈಕ್ ಬಂತು. ಯಾವ ಕಷ್ಟಕ್ಕೆ ಅದು ಉತ್ತರವಾಗಿತ್ತೋ ಆ ಕಷ್ಟವೇ ಹೋಯಿತು. ಚೌಡಯ್ಯನವರ ಪ್ರತಿಭೆಯಲ್ಲಿ ಒಂದಿಷ್ಟೂ ಕೊರತೆ ಇರಲಿಲ್ಲ.

ಇನ್ನೊಂದು ಕಡೆ ಕದ್ರಿ ಗೋಪಾಲನಾಥರು. ತಂದೆ ನಾಗಸ್ವರದವರು, ಮಗನೂ ಮೊದಲು ಕಲಿತಿದ್ದು ಅದನ್ನೇ. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮನಸೋತರು. ಆ ವಾದ್ಯದ ಕೀಲಿಗಳು ಒಂದೊಂದು ಸ್ವರಕ್ಕೆ ಒಂದೊಂದು ಮೆಟ್ಟಿಲಿನ ಹಾಗೆ, ಅದರಲ್ಲಿ ಗಮಕ ತರುವುದು ಹೇಗೆ? ವಾದ್ಯವನ್ನೇ ತಮಗೆ ಬೇಕಾದ ಹಾಗೆ ಬದಲಿಸಿಕೊಂಡರು, ಉಸಿರು ಮತ್ತು ತುಟಿಯಲ್ಲಿ ಗಮಕ ತಂದರು. 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್ ಸಂಗೀತೋತ್ಸವದಲ್ಲಿ ನುಡಿಸಿದರು, ಅದನ್ನೇ ಎಲ್ಲರೂ ಬರೆಯುತ್ತಾರೆ. ನನಗೆ ಅದಕ್ಕಿಂತ ದೊಡ್ಡದು ಅನ್ನಿಸುವುದು ಬೇರೆ. ಇವತ್ತು ದಕ್ಷಿಣ ಕನ್ನಡದ ದೇವಸ್ಥಾನದ ಉತ್ಸವಕ್ಕೆ, ಮದುವೆ ಮಂಟಪಕ್ಕೆ ಹೋಗಿ. ನಾಗಸ್ವರ ಇರುತ್ತಿದ್ದ ಜಾಗದಲ್ಲಿ ಸ್ಯಾಕ್ಸೊಫೋನ್ ಇರುತ್ತದೆ. ನುಡಿಸುವವರಲ್ಲಿ ಹೆಣ್ಣುಮಕ್ಕಳೂ ಇದ್ದಾರೆ. ಅಲ್ಲಿ ಉತ್ಸವಕ್ಕೆ ಊದುವ ಮನೆತನಗಳು ಮೊದಲೇ ಇದ್ದವು, ಅವರಿಗೆ ಜೀವನ ನಡೆಯಬೇಕಿತ್ತು, ಈ ವಾದ್ಯ ಅವರ ಕೈಗೆ ಹತ್ತಿತು. ಗೋಪಾಲನಾಥರು 2019ರಲ್ಲಿ ತೀರಿಕೊಂಡರು, ವಾದ್ಯ ನಿಲ್ಲಲಿಲ್ಲ.

ಈ ಲೆಕ್ಕದಲ್ಲಿ ನೋಡಿದರೆ ನಮ್ಮ ಸಂಗೀತದ ಅತಿ ದೊಡ್ಡ ಹೊಸತು ಯಾವುದು ಗೊತ್ತಾ? ಸರಳೆ ವರಸೆ. ಪುರಂದರದಾಸರು ಹಾಕಿಕೊಟ್ಟಿದ್ದು ಅಂತ ನಾವು ನಂಬಿಕೊಂಡು ಬಂದಿರುವ ಪಾಠದ ಕ್ರಮ. ಮಾಯಾಮಾಳವಗೌಳ ರಾಗದಲ್ಲಿ ಸರಳೆ, ಜಂಟಿ, ಅಲಂಕಾರ, ಆಮೇಲೆ ಪಿಳ್ಳಾರಿ ಗೀತೆ. ಬಸವನಗುಡಿಯ ಒಂದು ಮನೆಯ ಹಜಾರದಲ್ಲಿ ಆರು ವರ್ಷದ ಮಗು ಬೆಳಿಗ್ಗೆ ಹೇಳುವುದೂ ಅದನ್ನೇ, ಚೆನ್ನೈನ ಮೈಲಾಪುರದ ಮಗು ಹೇಳುವುದೂ ಅದನ್ನೇ.

ಈಗ ಮೃದಂಗಕ್ಕೆ ಬರುತ್ತೇನೆ. ಈ ಬರಹ ಬರೆಯೋಕೆ ಕೂತಿದ್ದೇ ಇದಕ್ಕೆ.

ಯಾವುದೇ ಡೋಲು, ತಮಟೆಯ ಚರ್ಮ ಬಡಿದರೆ ಅದರಿಂದ ಒಂದು ಮುಖ್ಯ ನಾದ ಬರುತ್ತದೆ, ಜೊತೆಗೆ ಅದರ ಮೇಲಿನ ಉಪನಾದಗಳು ಬರುತ್ತವೆ. ತಂತಿಯಲ್ಲಿ ಈ ಉಪನಾದಗಳು ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಹೀಗೆ ಲೆಕ್ಕಕ್ಕೆ ಸರಿಯಾಗಿ ಇರುತ್ತವೆ, ಅದಕ್ಕೇ ಇಂಪು. ಬರೀ ಚರ್ಮದಲ್ಲಿ ಹಾಗಿರುವುದಿಲ್ಲ, ಲೆಕ್ಕ ತಪ್ಪಿರುತ್ತದೆ, ಅದಕ್ಕೇ ಸದ್ದು ಕೇಳಿಸುತ್ತದೆ, ಸ್ವರ ಕೇಳಿಸುವುದಿಲ್ಲ. ಮೃದಂಗ ಮತ್ತು ತಬಲದ ವಿಷಯ ಹಾಗಲ್ಲ, ಅವುಗಳನ್ನು ಶ್ರುತಿಗೆ ಕೂಡಿಸಬಹುದು. ಯಾಕೆ ಅಂತ ಸರ್ ಸಿ.ವಿ. ರಾಮನ್ 1920ರಲ್ಲೇ ನೇಚರ್ ಪತ್ರಿಕೆಯಲ್ಲಿ ಬರೆದರು, ಬೆಂಗಳೂರಿಗೆ ಬಂದ ಮೇಲೆ 1934ರಲ್ಲಿ ಇನ್ನೂ ವಿವರವಾಗಿ ಬರೆದರು. ಬಲಗಡೆಯ ಚರ್ಮದ ಮುಚ್ಚಿಗೆಯ ನಡುವೆ ಕಪ್ಪಗೆ ಕಾಣುವ ಕರಣೆ ಇದೆಯಲ್ಲ, ಅದರ ತೂಕವೇ ಚರ್ಮದ ಅಡ್ಡಾದಿಡ್ಡಿ ಉಪನಾದಗಳನ್ನು ಎಳೆದು ತಂದು ತಂತಿಯ ಲೆಕ್ಕಕ್ಕೆ ಕೂರಿಸುತ್ತದೆ. ಕಲ್ಲಿನ ಪುಡಿ ಮತ್ತು ಅನ್ನದ ಅಂಟು. ಅದನ್ನು ಒಂದು ಪದರ ಹಚ್ಚಿ, ಕಲ್ಲಿನಿಂದ ಉಜ್ಜಿ, ಒಣಗಿಸಿ, ಮತ್ತೆ ಒಂದು ಪದರ, ಮತ್ತೆ ಉಜ್ಜಿ, ಹೀಗೆ ಪದರ ಪದರವಾಗಿ ಕಟ್ಟುತ್ತಾರೆ. ನಡುವೆ ದಪ್ಪ, ಅಂಚಿಗೆ ತೆಳು. ಸ್ವಲ್ಪ ಹೆಚ್ಚಾದರೆ ನಾದ ಮುಚ್ಚಿಹೋಗುತ್ತದೆ, ಕಡಿಮೆಯಾದರೆ ಒಡೆದ ಸದ್ದು.

ಇದನ್ನು ಕಂಡುಹಿಡಿದವರು ಯಾರು? ಹೆಸರಿಲ್ಲ. ರಾಮನ್ ಅವರಂಥ ಭೌತವಿಜ್ಞಾನಿ ಬಂದು ಲೆಕ್ಕ ಬಿಡಿಸುವ ಎಷ್ಟೋ ಶತಮಾನಗಳ ಮೊದಲೇ, ಚರ್ಮ ಹದ ಮಾಡುವ ಕೈಗಳು, ಬರೀ ಕಿವಿ ನಂಬಿಕೊಂಡು, ಈ ಲೆಕ್ಕವನ್ನು ಬಿಡಿಸಿಟ್ಟಿದ್ದವು. ಪ್ರಪಂಚದ ನಾದವಿಜ್ಞಾನದ ಇತಿಹಾಸದಲ್ಲಿ ಇದಕ್ಕಿಂತ ಸುಂದರವಾದ ಕೆಲಸ ನನಗೆ ಕಾಣಿಸಿಲ್ಲ. ದಕ್ಷಿಣದಲ್ಲಿ ಮೃದಂಗ ಮಾಡುತ್ತ ಬಂದ ಮನೆತನಗಳಲ್ಲಿ ಅನೇಕವು ದಲಿತ ಸಮುದಾಯಗಳವು. ಹಸು, ಆಡು, ಎಮ್ಮೆಯ ಚರ್ಮ ಮುಟ್ಟುವ ಕೆಲಸ ಅವರದ್ದು, ಆ ಚರ್ಮದ ಮೇಲೆ ನುಡಿಸಿ ಬಿರುದು ಪಡೆಯುವುದು ಇನ್ನೊಬ್ಬರದ್ದು. ಆ ಮನೆಗಳವರಿಗೆ ಸಭೆಯ ಮುಂದಿನ ಸಾಲು ಬಹಳ ಕಾಲ ಇರಲೇ ಇಲ್ಲ. ಇದನ್ನು ಹೇಳದೆ ಸಂಗೀತದಲ್ಲಿ ಹೊಸತು ಅಂತ ಪುಸ್ತಕ ಬರೆಯುವುದು ನನಗೆ ಸಾಧ್ಯವಿಲ್ಲ.

ನಗರದ ಹಳೇ ಬಡಾವಣೆಯಲ್ಲಿ ಒಬ್ಬರು ಮೃದಂಗ ರಿಪೇರಿ ಮಾಡುತ್ತಾರೆ, ಹೆಸರು ಇಲ್ಲಿ ಹಾಕುವುದಿಲ್ಲ. ಅವರ ಅಂಗಡಿಯಲ್ಲಿ ಸುಮ್ನೆ ಕೂತಿರುವುದು ನನಗೆ ಇಷ್ಟ. ಈಗ ಚರ್ಮದ ಬಾರಿನಿಂದ ಬಿಗಿಯುವುದರ ಬದಲು ನಟ್ಟು-ಬೋಲ್ಟಿನ ಮೃದಂಗ ಜಾಸ್ತಿ ಬರುತ್ತಿದೆ, ವಿಮಾನದಲ್ಲಿ ಹೋಗುವವರಿಗೆ ಅದು ಅನುಕೂಲ, ಮುಚ್ಚಿಗೆ ತಾವೇ ಬದಲಿಸಿಕೊಳ್ಳಬಹುದು. "ನಾದದಲ್ಲಿ ವ್ಯತ್ಯಾಸ ಇದೆಯಾ ಸ್ವಾಮಿ?" ಅಂತ ಕೇಳಿದೆ. "ಇದೆ ಕಣಮ್ಮಾ, ಅದಕ್ಕೆ ಬೋಲ್ಟಿನದಕ್ಕೆ ಕರಣೆ ಹಾಕೋದೇ ಬೇರೆ ಥರ" ಅಂದರು. ಯಾವ ಥರ ಅಂತ ಕೈಯಲ್ಲಿ ತೋರಿಸಿದರು, ಮಾತಲ್ಲಿ ಹೇಳಲಿಲ್ಲ. ಅವರ ಮಗ ಡೆಲಿವರಿ ಕೆಲಸಕ್ಕೆ ಹೋಗುತ್ತಾನೆ. ಆ ಬೇರೆ ಥರ ಅನ್ನೋದು ಎಲ್ಲೂ ಬರೆದಿಲ್ಲ, ಯಾರೂ ಚಿತ್ರೀಕರಿಸಿಲ್ಲ.

ಅದನ್ನು ದಾಖಲಿಸೋಣ ಅಂತ ಒಂದು ಸಂಸ್ಥೆಗೆ ಅನುದಾನ ಕೇಳಿ ಅರ್ಜಿ ಹಾಕಿದ್ದೆ. ಸಂದರ್ಶನದಲ್ಲಿ ಬಂದ ಮೊದಲ ಪ್ರಶ್ನೆ, "ಇದು ಕರಕುಶಲ ವಿಭಾಗಕ್ಕೆ ಹೋಗಬೇಕಲ್ವಾ? ಇದರಲ್ಲಿ ಕಲೆಯ ಹೊಸತನ ಎಲ್ಲಿದೆ?" ಅದೇ ಸುತ್ತಿನಲ್ಲಿ ವೀಣೆ, ಡ್ರಮ್ಸ್, ಪರದೆಯ ಮೇಲೆ ಬಣ್ಣದ ಬೆಳಕು ಸೇರಿಸಿದ ಒಂದು ಪ್ರದರ್ಶನಕ್ಕೆ ಹಣ ಸಿಕ್ಕಿತು. ಆ ಕಲಾವಿದರ ಮೇಲೆ ನನಗೆ ಏನೂ ಸಿಟ್ಟಿಲ್ಲ, ಅವರಿಗೆ ಇನ್ನೂ ಸಿಗಲಿ. ಆದರೆ ಆ ಸಮಿತಿಯಲ್ಲಿ ಕೂತವರ ತಲೆಯಲ್ಲಿ ಕಲೆ ಅಂದರೆ ಮೇಲೆ ಕೂತವರು, ಕಸುಬು ಅಂದರೆ ಕೆಳಗೆ ಕೂತವರು ಅನ್ನುವ ಗೆರೆ ಇದೆಯಲ್ಲ, ಅದರ ಮೇಲೆ ಸಿಟ್ಟಿದೆ. ಆ ಗೆರೆಗೆ ಜಾತಿಯ ವಾಸನೆ ಇದೆ.

ನಮ್ಮ ಊರಿಗಂತೂ ಈ ಗೆರೆ ಒಪ್ಪುವುದೇ ಇಲ್ಲ. ಕಾರ್ಖಾನೆ, ಪ್ರಯೋಗಾಲಯಗಳಲ್ಲಿ ಕೆಲಸ ಮಾಡಿಕೊಂಡೇ ಸಂಜೆ ಸಂಗೀತ ಅಭ್ಯಾಸ ಮಾಡಿದವರ ಊರು ಇದು. ಎಚ್‌ಎಎಲ್‌ನಲ್ಲಿ ಇಂಜಿನಿಯರ್ ಆಗಿದ್ದು ಕೊಳಲೂ ನುಡಿಸುತ್ತಿದ್ದ ಜಿ. ರಾಜ್ ನಾರಾಯಣ್ 1979ರಲ್ಲಿ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ತಂದರು, ಮುಂದೆ ಅದು ಅವರ ರಾಡೆಲ್ ಕಂಪನಿಯ ತಂಬೂರಿ ಪೆಟ್ಟಿಗೆಯಾಗಿ ಮನೆಮನೆಗೆ ಹೋಯಿತು. ಇದರ ಪರಿಣಾಮ ಎಷ್ಟು ದೊಡ್ಡದು ಅಂತ ಯೋಚಿಸಿ. ಮೊದಲು ತಂಬೂರಿ ಹಿಡಿಯೋಕೆ ಒಬ್ಬರು ಬೇಕಿತ್ತು, ಇಲ್ಲಾಂದರೆ ಹಾರ್ಮೋನಿಯಂ ತರಹದ ತಿದಿ ಒತ್ತಬೇಕಿತ್ತು. ಅಡುಗೆಮನೆ ಕೆಲಸ ಮುಗಿಸಿ ರಾತ್ರಿ ಅರ್ಧ ಗಂಟೆ ಬಿಡುವು ಸಿಗುವ ಹೆಂಗಸು ಒಬ್ಬಳೇ ಕೂತು ಶ್ರುತಿ ಇಟ್ಟುಕೊಂಡು ಹಾಡಬಹುದು ಅನ್ನೋದು ಸಣ್ಣ ವಿಷಯವಲ್ಲ. ಹಾಗೆಂದು ಅದರಿಂದ ಏನೂ ಹೋಗಿಲ್ಲ ಅಂತಲೂ ಹೇಳುವುದಿಲ್ಲ. ಗುರುಗಳ ಹಿಂದೆ ಕೂತು ತಂಬೂರಿ ಮೀಟುತ್ತಲೇ ಶಿಷ್ಯರು ಅರ್ಧ ಸಂಗೀತ ಕಲಿಯುತ್ತಿದ್ದರು, ಆ ಜಾಗ ಈಗ ಖಾಲಿ. ಎರಡನ್ನೂ ಬರೆಯಬೇಕು. ಇದೇ ಊರಿನ ಕೆ. ವರದರಂಗನ್ ಚರ್ಮವೇ ಇಲ್ಲದ ಮೃದಂಗ ಮಾಡಿದ್ದಾರೆ, ಪಾಲಿಮರ್ ಹಾಳೆಯ ಮುಚ್ಚಿಗೆ. ಮಳೆಗಾಲದಲ್ಲಿ ಶ್ರುತಿ ಇಳಿಯುವ ಕಾಟ ಇಲ್ಲ. ಅದು ಉಳಿಯುತ್ತದಾ ಅನ್ನೋದನ್ನು ನಾನು ಬಹಳ ಆಸೆಯಿಂದ ನೋಡುತ್ತಿದ್ದೇನೆ, ಜೊತೆಗೆ ಆ ರಿಪೇರಿ ಅಂಗಡಿಯವರ ಕೈಗೆ ಆಗ ಯಾವ ಕೆಲಸ ಉಳಿಯುತ್ತದೆ ಅನ್ನುವ ಚಿಂತೆಯೂ ಇದೆ.

ಯಾರು ಹಾಡಬಹುದು, ಯಾರು ನುಡಿಸಬಹುದು ಅನ್ನೋದು ಬದಲಾದಾಗಲೂ ಸಂಗೀತ ಬದಲಾಗುತ್ತದೆ, ಅದನ್ನೂ ಹೊಸತು ಅಂತ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಗಾಯಕಿ ಬೆಂಗಳೂರು ನಾಗರತ್ನಮ್ಮನವರು ತಮ್ಮ ಗಳಿಕೆ ಸುರಿದು ತಿರುವಯ್ಯಾರಿನಲ್ಲಿ ತ್ಯಾಗರಾಜರ ಸಮಾಧಿಗೆ ಗುಡಿ ಕಟ್ಟಿಸಿದರು. ಅಲ್ಲಿನ ಆರಾಧನೆಯಲ್ಲಿ ಹೆಂಗಸರು ಹಾಡುವ ಹಾಗಿರಲಿಲ್ಲ. ಅವರು ಹೆಂಗಸರದ್ದೇ ಆರಾಧನೆ ಶುರು ಮಾಡಿದರು, ಕೊನೆಗೆ ಎಲ್ಲರೂ ಒಟ್ಟಿಗೆ ಕೂತು ಹಾಡುವ ಕಾಲ ಬಂತು. ನಮ್ಮ ಬೆಂಗಳೂರಿನಲ್ಲೇ ಇರುವ ಸುಕನ್ಯಾ ರಾಮಗೋಪಾಲ್, ಹೆಂಗಸರು ಘಟ ನುಡಿಸುವುದನ್ನು ಜನ ಊಹಿಸದೇ ಇದ್ದ ಕಾಲದಲ್ಲಿ ಅದನ್ನು ಕೈಗೆತ್ತಿಕೊಂಡರು, ಬೇರೆ ಬೇರೆ ಶ್ರುತಿಯ ಘಟಗಳನ್ನು ಸುತ್ತ ಇಟ್ಟುಕೊಂಡು ಘಟತರಂಗ ಮಾಡಿದರು, ಹೆಂಗಸರದ್ದೇ ತಾಳವಾದ್ಯ ತಂಡ ಕಟ್ಟಿದರು. ಇವತ್ತು ಮೃದಂಗದ ತರಗತಿಯಲ್ಲಿ ಹುಡುಗಿಯರನ್ನು ನೋಡಿದಾಗಲೆಲ್ಲ ಅವರ ನೆನಪು ಬರುತ್ತದೆ.

ಇದು ಹಳೇ ಕಥೆ ಮಾತ್ರ ಅಂದುಕೊಳ್ಳಬೇಡಿ, ಈಗಲೂ ನಡೆಯುತ್ತಿದೆ. 2020ರಲ್ಲಿ ಪಾಠವೆಲ್ಲ ಝೂಮ್‌ಗೆ ಹೋಯಿತಲ್ಲ, ಆಗ ಟೀಚರ್‌ಗಳು ಏನೇನು ಮಾಡಿಕೊಂಡರು ಅನ್ನೋದೇ ಒಂದು ದೊಡ್ಡ ಅಧ್ಯಯನ. ದನಿ ಆ ಕಡೆ ತಲುಪುವಷ್ಟರಲ್ಲಿ ಒಂದು ಚೂರು ತಡ ಆಗುತ್ತದೆ. ಮಾತಿಗೆ ಅದು ಲೆಕ್ಕಕ್ಕಿಲ್ಲ, ತಾಳಕ್ಕೆ ಅದೇ ಸಾಕು ಹಾಳಾಗೋಕೆ. ಗುರು-ಶಿಷ್ಯರು ಒಟ್ಟಿಗೆ ಹಾಡುವುದೇ ಅಸಾಧ್ಯ. ಇನ್ನೂ ಒಂದು, ತಂಬೂರಿಯ ನಾದವನ್ನು ಆ ಆಪ್ ಫ್ಯಾನ್ ಸದ್ದಿನ ಹಾಗೆ ಗದ್ದಲ ಅಂತ ತಿಳಿದು ಅಳಿಸಿಹಾಕುತ್ತದೆ! ಅದನ್ನು ನಿಲ್ಲಿಸುವ ಸೆಟ್ಟಿಂಗ್ ಎಲ್ಲಿದೆ ಅಂತ ಎಪ್ಪತ್ತು ದಾಟಿದ ವಿದುಷಿಯರು ಕೂತು ಹುಡುಕಿದರು, ಒಬ್ಬರಿಗೊಬ್ಬರು ಫೋನ್ ಮಾಡಿ ಹೇಳಿಕೊಟ್ಟರು. ಶಿಷ್ಯರ ಮನೆಯಲ್ಲೇ ಶ್ರುತಿ, ಶಿಷ್ಯರೇ ತಾಳ ಹಾಕಿ ಒಬ್ಬರೇ ಹಾಡುವುದು, ಗುರುಗಳು ನಿಲ್ಲಿಸಿ ತಿದ್ದುವುದು ಅಂತ ಪಾಠದ ಕ್ರಮವೇ ಬದಲಾಯಿತು. ನಾನು ಮಾತಾಡಿಸಿದ ಟೀಚರ್‌ಗಳು ಹೇಳುವ ಪ್ರಕಾರ ಹೀಗೆ ಕಲಿತ ಮಕ್ಕಳಿಗೆ ತಾಳ ಗಟ್ಟಿ, ಆದರೆ ಗುರುಗಳ ದನಿಯ ಜೊತೆ ದನಿ ಸೇರಿಸುವ ಅಭ್ಯಾಸ ಕಡಿಮೆ. ಅಮೆರಿಕದ ಮಕ್ಕಳಿಗೆ ಬೆಳಗಿನ ಜಾವ ಪಾಠ ಹೇಳುವವರು ಈಗಲೂ ಇದೇ ಕ್ರಮದಲ್ಲಿದ್ದಾರೆ. ಇದರ ಮೇಲೆ ಕನ್ನಡದಲ್ಲಿ ಒಂದು ಒಳ್ಳೆಯ ಲೇಖನವೂ ನನಗೆ ಸಿಕ್ಕಿಲ್ಲ, ಬರೆಯುವವರು ಯಾರಾದರೂ ಇದ್ದರೆ ದಯವಿಟ್ಟು ಬೇಗ ಬರೆಯಿರಿ, ಆ ಹಿರಿಯರು ಇರುವಾಗಲೇ.

ಸಭೆಗಳಿಗೆ ನನ್ನ ಬೇಡಿಕೆ ಸಣ್ಣದು. ಆಹ್ವಾನ ಪತ್ರಿಕೆಯಲ್ಲಿ ಹಾಡುವವರು, ಪಕ್ಕವಾದ್ಯದವರು, ಪ್ರಾಯೋಜಕರು ಎಲ್ಲರ ಹೆಸರೂ ಇರುತ್ತದೆ. ಅದರ ಕೆಳಗೆ ಒಂದು ಸಾಲು, ವಾದ್ಯ ಮಾಡಿದವರು ಅಥವಾ ಹದ ಮಾಡಿಕೊಟ್ಟವರು ಇಂಥವರು ಅಂತ ಹಾಕಿ. ಖರ್ಚು ಏನೂ ಇಲ್ಲ. ಬೆಂಗಳೂರು ಗಾಯನ ಸಮಾಜ 1905ರಿಂದ ಇದೆ, ಅಂಥ ಹಳೇ ಸಭೆಗಳ ಸಮ್ಮೇಳನದ ಬೆಳಗಿನ ಗೋಷ್ಠಿಗಳಲ್ಲಿ ರಾಗಲಕ್ಷಣದ ಮೇಲೆ ಪ್ರಾತ್ಯಕ್ಷಿಕೆ ನಡೆಯುತ್ತದಲ್ಲ, ಒಂದು ದಿನ ಕರಣೆ ಹಾಕುವವರನ್ನು ಕರೆದು ಅದೇ ವೇದಿಕೆಯ ಮೇಲೆ, ಅದೇ ಶಾಲು ಹೊದಿಸಿ, ಅದೇ ಸಂಭಾವನೆ ಕೊಟ್ಟು ಕೂರಿಸಿ. ವೀಣೆಯ ಮೇಣ ಕಾಸಿ 24 ಮೆಟ್ಟಿಲು ಕೂರಿಸುವವರನ್ನು ಕರೆಯಿರಿ. ವಿದ್ಯಾರ್ಥಿಗಳು ಮುಂದೆ ಕೂತು ನೋಡಲಿ, ಪ್ರಶ್ನೆ ಕೇಳಲಿ.

ಓದುತ್ತಿರುವ ನಿಮಗೂ ಒಂದು ಮಾತು. ನಿಮ್ಮ ಮನೆಯಲ್ಲಿ ಅಜ್ಜಿಯ ಸಂಗೀತದ ನೋಟ್ ಪುಸ್ತಕ, ಹಳೇ ಕಛೇರಿಯ ಕಾರ್ಡುಗಳು, ಕ್ಯಾಸೆಟ್‌ಗಳು, ವಾದ್ಯದ ಅಂಗಡಿಯ ರಸೀದಿ ಇದ್ದರೆ ರದ್ದಿಗೆ ಹಾಕಬೇಡಿ. ನೋಟ್ ಪುಸ್ತಕದ ಅಂಚಿನಲ್ಲಿ ಯಾವ ಗುರುಗಳು ಯಾವ ಸಂಗತಿ, ಅಂದರೆ ಒಂದೇ ಸಾಲನ್ನು ಹಾಡುವ ಬೇರೆ ರೀತಿ, ಬದಲಿಸಿ ಹೇಳಿಕೊಟ್ಟರು ಅಂತ ಪೆನ್ಸಿಲ್‌ನಲ್ಲಿ ಬರೆದಿರುತ್ತದೆ, ಅದು ನನಗೆ ಚಿನ್ನ. ಫೋಟೋ ತೆಗೆದು ಇನ್‌ಬಾಕ್ಸ್‌ಗೆ ಕಳಿಸಿದರೂ ಸಾಕು, ನಾನೇ ಬಂದು ಸ್ಕ್ಯಾನ್ ಮಾಡಿಕೊಂಡು ಪುಸ್ತಕ ವಾಪಸ್ ಕೊಡುತ್ತೇನೆ. ಮಲ್ಲೇಶ್ವರ, ಬಸವನಗುಡಿ, ಜಯನಗರ, ಚಾಮರಾಜಪೇಟೆ, ಹಲಸೂರು ಕಡೆ ವಾದ್ಯ ರಿಪೇರಿ ಮಾಡುವ ಹಿರಿಯರು ಯಾರಾದರೂ ಗೊತ್ತಿದ್ದರೆ, ಮೊದಲು ಅವರ ಒಪ್ಪಿಗೆ ಕೇಳಿ, ಆಮೇಲೆ ನನಗೆ ತಿಳಿಸಿ. ಶನಿವಾರ, ಭಾನುವಾರ ಯಾವ ಹೊತ್ತಿಗಾದರೂ ಬರುತ್ತೇನೆ.